ಕೂಡ್ರಿ

ಐಟಿ ಜೋರಾಗಿದ್ದ ವರ್ಷಗಳಲ್ಲಿ, ತೆಲುಗು ನಾಡಿನ ಮಾದಾಪುರದ ನಮ್ಮ ಆಫೀಸಿಗೆ ರಾಯಚೂರು ಕಡೆಯ ಮ್ಯಾನೇಜರ್ ಒಬ್ಬರಿದ್ದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ರೆಪ್ಪೆ ಬಡಿಯದೆ ನೋಡಿ "ಕೂಡ್ರಿ" ಎನ್ನುತ್ತಿದ್ದರು. ಕನ್ನಡ ಬಾರದ ತೆಲುಗು ಹುಡುಗರೂ ತಕ್ಷಣ ಕೂರುತ್ತಿದ್ದರು. ಮ್ಯಾನೇಜರ್ ಮಾತ್ರ ನಿಂತೇ ಇರುತ್ತಿದ್ದರು.

ಒಂದು ಮಧ್ಯಾಹ್ನ ಆಫೀಸಿನ ಹಿಂದಿನ ಬಂಡೆಗಳಿಂದ ದೊಡ್ಡ ಗಂಡು ಕೋತಿಯೊಂದು ಕ್ಯಾಂಟೀನಿಗೆ ನುಗ್ಗಿ, ಮೇಜು ಹತ್ತಿ ಹಲ್ಲು ಕಿಸಿಯಿತು. ನಾವೆಲ್ಲ ಎದ್ದು ಓಡಿ ಗೋಡೆಗೆ ಒತ್ತಿಕೊಂಡೆವು.

"ಯಾಕ್ರೀ ಅಂಜ್ತೀರಿ?" ಎನ್ನುತ್ತಾ ಮ್ಯಾನೇಜರ್ ಅದರೆದುರು ಹೋಗಿ ನಿಂತರು. ಅದೇ ನೋಟ. ಕೋತಿಗೂ ಅದೇ ಮರ್ಯಾದೆ.

"ಕೂಡ್ರಿ."

ಕೋತಿ ಕಣ್ಣು ತಗ್ಗಿಸಿ ಮೆಲ್ಲಗೆ ಕೂತಿತು.

ನಗು ಬಂದು ಪಕ್ಕದವನ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿದ್ದ. ಆಮೇಲೆ ನನ್ನ ಅಂಗೈಗೆ ತಣ್ಣನೆಯ ನೆಲ ತಾಕಿತು. ಗೋಡೆಯ ಬಳಿ ಕುರ್ಚಿಗಳೇ ಇರಲಿಲ್ಲ. ಆದರೂ ನಾವೆಲ್ಲರೂ ಕೂತಿದ್ದೆವು.