ಜುಬೈಲಿಗೆ ಹೊರಟ ಖರ್ಜೂರದ ಡಬ್ಬ

ಮಕ್ಕಳೇ, ನೀವು ದೊಡ್ಡವರಾದ ಮೇಲೆ ಯಾರಾದರೂ, “ನಿಮ್ಮ ಅಜ್ಜಿ, ಮನೆಗೆ ಬಂದವರ ಮರ್ಯಾದೆ ತೆಗೆದವರು” ಎಂದು ಹೇಳಿದರೆ ನಂಬಿ. ಅದು ನಿಜ. ಆದರೆ ನಡೆದದ್ದೇನು ಎನ್ನುವುದೂ ನಿಮಗೆ ಗೊತ್ತಿರಲಿ. ಎದುರು ಕುಳಿತು ಹೇಳುವುದು ನನಗೆ ಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮಾಸ್ತರರು ಹೆಸರು ಕರೆದರೆ ಎದ್ದು ನಿಲ್ಲಲೂ ನಾಚಿಕೆಯಾಗುತ್ತಿತ್ತು. ಸೌದಿಯ ಅಲ್ ಖರ್ಜಿಗೆ ಬಂದು ನಿಮ್ಮ ಅಪ್ಪನ ಜೊತೆ ಇರತೊಡಗಿದ ಮೇಲೂ ಹಾಗೆಯೇ. ಯಾರು ಏನು ಹೇಳಿದರೂ ನನ್ನ ಬಾಯಿಂದ ಬರುತ್ತಿದ್ದದ್ದು “ಆಯ್ತು” ಒಂದೇ. ಆದ್ದರಿಂದ ನಾನು ಜುಬೈಲಿನಲ್ಲಿರುವ ನಿಮ್ಮ ಅತ್ತೆಯ ಮನೆಗೆ ಹೊರಟೆ ಎಂದರೆ ನಮ್ಮ ಕಡೆಯವರೆಲ್ಲ ಒಂದೊಂದು ಕಟ್ಟು ತಂದುಕೊಡುತ್ತಿದ್ದರು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಒಮ್ಮೆ ಒಂದು ಮಿಕ್ಸಿಯ ಜಾರು. ಒಳಗೆ ಏನಿದೆ ಎಂದು ನಾನು ಕೇಳುತ್ತಿರಲಿಲ್ಲ. ಕೇಳುವ ಕ್ರಮ ನಮ್ಮಲ್ಲಿಲ್ಲ. ಕೇಳಿದರೆ ಕೊಟ್ಟವರ ಮೇಲೆ ನಂಬಿಕೆ ಇಲ್ಲವೆಂದಾಗುತ್ತದೆ.

ಊರಿನಿಂದ ಫೋನ್ ಮಾಡುವವರು, “ಅಲ್ಲಿ ನಿಮಗೆ ಹೆದರಿಕೆ ಆಗುದಿಲ್ವಾ?” ಎಂದು ಕೇಳುತ್ತಾರೆ. ಬೀದಿಯಲ್ಲಿ ನನಗೆ ಹೆದರಿಕೆಯಿಲ್ಲ. ಸಂಜೆ ಒಬ್ಬಳೇ ಹೋಗಿ ಕೊತ್ತಂಬರಿ ಸೊಪ್ಪು ತರುತ್ತೇನೆ. ನನಗೆ ಹೆದರಿಕೆ ಇದ್ದದ್ದು ಆ ಕಟ್ಟುಗಳದ್ದು. ನಶೆಯ ಮಾತ್ರೆಗಳನ್ನು ಈ ದೇಶದೊಳಗೆ ಸಾಗಿಸುವ ಗುಂಪುಗಳಿವೆ. ಹಣ್ಣಿನ ಪೆಟ್ಟಿಗೆಯಲ್ಲಿ, ಹಿಟ್ಟಿನ ಚೀಲದಲ್ಲಿ ಅಡಗಿಸುತ್ತಾರಂತೆ. ಗುಂಪಿನ ದೊಡ್ಡವರು ತಾವು ಹೊರುವುದಿಲ್ಲ, ಏನೂ ತಿಳಿಯದವರ ಕೈಯಲ್ಲಿ ಹೊರಿಸುತ್ತಾರೆ. ಸಿಕ್ಕಿಬಿದ್ದರೆ ತಲೆಯೇ ಹೋಗುವಂಥ ಶಿಕ್ಷೆಯೂ ಇಲ್ಲಿದೆ. ಪಕ್ಕದ ಕಟ್ಟಡದಲ್ಲಿದ್ದ ಒಬ್ಬ ಹೆಂಗಸಿನ ಗಂಡ ಯಾರದೋ ಕಟ್ಟನ್ನು ತಂದು ವಿಮಾನ ನಿಲ್ದಾಣದಿಂದ ಮನೆಗೇ ಬರಲಿಲ್ಲ. ಅವಳು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಡುವಾಗ ತನ್ನ ಕರಿಬೇವಿನ ಕುಂಡವನ್ನು ನನಗೆ ಕೊಟ್ಟು, “ಅವರಿಗೆ ಗೊತ್ತೇ ಇರ್ಲಿಲ್ಲ ಅಕ್ಕ” ಎಂದಳು. ಅಷ್ಟೇ ಹೇಳಿದ್ದು. ಆಮೇಲೆ ಎಷ್ಟೋ ದಿನ ಒಗ್ಗರಣೆಗೆ ಆ ಸೊಪ್ಪು ಕೀಳಲು ನನಗೆ ಮನಸ್ಸಾಗಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ನಾವೆಲ್ಲ ಜುಬೈಲಿಗೆ ಹೊರಟೆವು. ಬೆಳಿಗ್ಗೆ ಒಂಬತ್ತು ಗಂಟೆ. ನೀವಿಬ್ಬರೂ ಆಗಲೇ ಕೆಳಗೆ ಹೋಗಿ ಅಮ್ಮನ ಜೊತೆ ಕಾರಿನಲ್ಲಿ ಕುಳಿತಿದ್ದಿರಿ. ಆಗ ಬಾಗಿಲಿಗೆ ಬಂದವರು ನೀವು ಜ್ಯೂಸ್ ಮಾಮ ಎಂದು ಕರೆಯುತ್ತಿದ್ದವರು. ನಿಮ್ಮ ಅಜ್ಜ ಇಲ್ಲಿಯೇ ಕೆಲಸದಲ್ಲಿದ್ದಾಗ ಎದೆನೋವಿನಿಂದ ತೀರಿಕೊಂಡರಲ್ಲ, ಆಗ ನಾನು ಊರಿನಲ್ಲಿದ್ದೆ. ಕಚೇರಿಯಿಂದ ಕಚೇರಿಗೆ ಅಲೆದು, ಕಾಗದಪತ್ರ ಮಾಡಿಸಿ, ಅವರ ದೇಹವನ್ನು ಊರಿಗೆ ಮುಟ್ಟಿಸಿದವರು ಇದೇ ಮನುಷ್ಯ. ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಿರಲಿಲ್ಲ.

ಕೈಯಲ್ಲಿ ಖರ್ಜೂರದ ದೊಡ್ಡ ಡಬ್ಬ. ಸುತ್ತಲೂ ಕಂದು ಟೇಪು.

“ಅಕ್ಕ, ಇದು ನನ್ನ ತಮ್ಮನಿಗೆ. ಅವ ಜುಬೈಲಿನಿಂದ ಆಚೆ ರಾಸ್ ಅಲ್ ಖೈರಿನ ಪ್ಲಾಂಟಿನಲ್ಲಿ ಇದ್ದಾನಲ್ಲ, ನಿಮ್ಮ ಮಗಳ ಮನೆಗೇ ಬಂದು ತಗೊಂಡು ಹೋಗ್ತಾನೆ. ನಿಮ್ಮ ಬ್ಯಾಗಿನಲ್ಲಿ ಇಡಿ ಆಯ್ತಾ. ದಾರಿಯಲ್ಲಿ ಚೆಕಿಂಗ್ ಉಂಟು. ಸೀರೆ ಉಟ್ಟ ಅಜ್ಜಿಯ ಬ್ಯಾಗ್ ಯಾರು ನೋಡ್ತಾರೆ?”

ಆ ಕೊನೆಯ ಮಾತು ಹೇಳದಿದ್ದರೆ ನಾನು ಡಬ್ಬ ತೆಗೆದುಕೊಂಡುಬಿಡುತ್ತಿದ್ದೆನೋ ಏನೋ. ಜುಬೈಲಿನ ಅಂಗಡಿ ಅಂಗಡಿಯಲ್ಲೂ ಖರ್ಜೂರ ಸಿಗುತ್ತದೆ. ನಾನು ಒಳಗೆ ಹೋಗಿ ಅಡುಗೆಮನೆಯ ಕತ್ತರಿ ತಂದೆ.

“ಬಿಚ್ಚಿ ನೋಡ್ತೇನೆ” ಎಂದೆ.

ನಿಮ್ಮ ಅಪ್ಪನ ಮುಖ ಕೆಂಪಾಯಿತು. “ಅಮ್ಮಾ, ಎಂತ ಇದು? ಅಣ್ಣ ಎಂತ ಗ್ರಹಿಸ್ಬೇಕು?”

ಜ್ಯೂಸ್ ಮಾಮ ಮೊದಲು ನಕ್ಕರು. “ಏ ಮಾರಾಯಾ, ನಿನ್ನ ಅಮ್ಮನಿಗೆ ಕಸ್ಟಮ್ಸಿನಲ್ಲಿ ಕೆಲಸ ಸಿಕ್ಕಿದ್ದು ನೀನು ಹೇಳ್ಲೇ ಇಲ್ಲ!”

ನಾನು ಟೇಪು ಕತ್ತರಿಸಿದೆ.  ಮೇಲೆ ಬಾದಾಮಿ ತುಂಬಿದ ಖರ್ಜೂರ, ಅವರ ಹೆಂಡತಿ ಸಾಲುಸಾಲಾಗಿ ಜೋಡಿಸಿದ್ದು. ಅದರ ಕೆಳಗೆ ಕಾಗದ. ಕಾಗದದ ಕೆಳಗೆ ಮಾತ್ರೆಗಳ ಹಾಳೆ, ಒಂದರ ಮೇಲೊಂದು, ರಬ್ಬರ್ ಹಾಕಿ ಕಟ್ಟಿದ್ದು.

ಅವರ ನಗು ನಿಂತಿತು. “ಸೊಂಟನೋವಿನ ಮಾತ್ರೆ ಅಕ್ಕ. ಊರಿಂದ ತರಿಸಿದ್ದು. ಅವ ಭಾರ ಎತ್ತುವ ಕೆಲಸದವ, ಇದಿಲ್ಲದೆ ಏಳ್ಲಿಕ್ಕೆ ಆಗುದಿಲ್ಲ.”

“ಡಾಕ್ಟರ ಚೀಟಿ ಉಂಟಾ?”

“ಚೀಟಿ ಎಂತಕ್ಕೆ? ನಾನು ಹೇಳಿದರೆ ಸಾಕಾಗುದಿಲ್ವಾ?”

“ನನಗೆ ಸಾಕು. ಪೊಲೀಸರಿಗೆ ಸಾಕಾಗುದಿಲ್ಲ.”

ಅವರು ಸುಳ್ಳು ಹೇಳಿದರೆಂದು ನಾನು ಅಂದೂ ಎಣಿಸಲಿಲ್ಲ, ಇಂದೂ ಎಣಿಸುವುದಿಲ್ಲ. ಆದರೆ ಇಲ್ಲಿ ಕೆಲವು ನೋವಿನ ಮಾತ್ರೆಗಳೂ ನಶೆಯ ಲೆಕ್ಕದಲ್ಲೇ ಬರುತ್ತವೆ. ಅದು ನನ್ನ ಬ್ಯಾಗಿನಲ್ಲಿ ಸಿಕ್ಕರೆ ನಾನು ಮಾತ್ರ ಹೋಗುವುದಲ್ಲ. ಕಾರು ಓಡಿಸುವ ನಿಮ್ಮ ಅಪ್ಪನೂ ಹೋಗುತ್ತಾನೆ. ಕೆಳಗೆ ಕಾರಿನಲ್ಲಿ ನೀವು ಕಿಟಕಿಯ ಸೀಟಿಗಾಗಿ ಜಗಳವಾಡುವುದು ಮೇಲಕ್ಕೂ ಕೇಳುತ್ತಿತ್ತು.

“ಖರ್ಜೂರ ಬರ್ತದೆ. ಮಾತ್ರೆ ಬರುದಿಲ್ಲ” ಎಂದು ಆ ಕಟ್ಟನ್ನು ಅವರ ಕೈಯಲ್ಲಿಟ್ಟೆ.

ಅವರು ಅದನ್ನು ಜೇಬಿಗೆ ತುರುಕಿದರು. ಆಮೇಲೆ ಮೆಲ್ಲಗೆ, “ನಿಮ್ಮ ಯಜಮಾನರ ಪೆಟ್ಟಿಗೆಗೆ ಹೆಗಲು ಕೊಟ್ಟವ ನಾನು, ಅಕ್ಕ” ಎಂದರು.

ಅಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಅದನ್ನು ಎತ್ತಿ ಆಡಿರಲಿಲ್ಲ. ನನ್ನ ಕಣ್ಣು ತುಂಬಿತು. ಆದರೂ ತಲೆ ತಗ್ಗಿಸಲಿಲ್ಲ. “ಅದಕ್ಕೇ ನಿಮ್ಮೆದುರೇ ಬಿಚ್ಚಿದ್ದು. ಬೇರೆಯವರದ್ದಾದರೆ ಹಿಂದಿನಿಂದ ಕಸದ ಬುಟ್ಟಿಗೆ ಹಾಕ್ತಿದ್ದೆ” ಎಂದೆ.

ಅವರು ಚಪ್ಪಲಿ ಮೆಟ್ಟಿ ಇಳಿದು ಹೋದರು. ಕಾರಿನ ಬಳಿ ನಿಮಗೆ ಜ್ಯೂಸ್ ಕೊಡಲು ಮಾತ್ರ ಮರೆಯಲಿಲ್ಲ.

ನಾವು ಹೊರಟೆವು. ಚೆಕ್‌ಪಾಯಿಂಟಿನಲ್ಲಿ ಪೊಲೀಸಿನವನು ನಿಮ್ಮ ಅಪ್ಪನ ಇಕಾಮಾ ಗುರುತಿನ ಚೀಟಿ ನೋಡಿ, “ಯಲ್ಲಾ” ಎಂದು ಕೈಬೀಸಿ ಕಳುಹಿಸಿದ. ಬ್ಯಾಗಿನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

“ಕಂಡಿರಾ? ಅವರು ನೋಡ್ಲೇ ಇಲ್ಲ. ಸುಮ್ಮನೆ ಒಬ್ಬರ ಮನಸ್ಸು ನೋಯಿಸಿದಿರಿ” ಎಂದ ನಿಮ್ಮ ಅಪ್ಪ.

“ನಾನು ನೋಡಿದ್ದೇನಲ್ಲ” ಎಂದೆ. ಮತ್ತೆ ಅವನು ಕಾರಿನ ರೇಡಿಯೋ ಹಾಕಿದ.

ಈಗ ಯಾರೇ ಕಟ್ಟು ತರಲಿ, ಬಾಗಿಲಲ್ಲೇ ಬಿಚ್ಚುತ್ತೇನೆ. ಕೆಲವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಬಿಡಲಿ. ನಾಚಿಕೆ ನನಗೆ ಈಗಲೂ ಇದೆ, ಬಿಚ್ಚುವಾಗ ಅವರ ಮುಖ ನೋಡಲಾರೆ, ಕಟ್ಟನ್ನಷ್ಟೇ ನೋಡುತ್ತೇನೆ. ನಿಮಗೂ ಯಾರಾದರೂ ಟೇಪು ಸುತ್ತಿ ಏನಾದರೂ ಕೊಟ್ಟರೆ ಹಾಗೆಯೇ ಮಾಡಿ, ಕೊಟ್ಟವರು ಎಷ್ಟೇ ಬೇಕಾದವರಿರಲಿ.

ನಾವು ಜುಬೈಲಿಗೆ ಮುಟ್ಟಿದ ಮರುದಿನ ಜ್ಯೂಸ್ ಮಾಮನ ತಮ್ಮ ನಿಮ್ಮ ಅತ್ತೆಯ ಮನೆಗೆ ಬಂದ. ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ್ದ. ಡಬ್ಬ ತೆರೆದು ನೋಡಿ, “ಇದೆಂತ, ಬರೀ ಖರ್ಜೂರವಾ?” ಎಂದ. ಆಸ್ಪತ್ರೆಗೆ ಹೋಗಿ ತೋರಿಸು, ಬೇಕಾದರೆ ನನ್ನ ಅಳಿಯನೇ ಕರೆದುಕೊಂಡು ಹೋಗುತ್ತಾನೆ ಎಂದೆ. ಅವನಿಗೆ ಸಿಟ್ಟು ಬಂದಿತ್ತು. ಆದರೂ ಕುಳಿತು, ನಾನು ಮಾಡಿದ ಚಹಾ ಕುಡಿದು, “ನಾಳೆ ಎಷ್ಟು ಗಂಟೆಗೆ?” ಎಂದು ಕೇಳಿದ.