ಗೇಟಿನ ಬಳಿ ಚೆಲ್ಲಿದ ಲಕ್ಕಿ ಸೊಪ್ಪು

ಒಗೆಯಲೆಂದು ಅವ್ವನ ದಿಂಬಿನ ಗವಸು ಕಳಚಿದಾಗ, ಹೊಲಿಗೆ ಬಿಚ್ಚಿದ ಮೂಲೆಯಿಂದ ಒಣಗಿದ ಲಕ್ಕಿ ಎಲೆಗಳು ನನ್ನ ಮಡಿಲಿಗೆ ಉದುರಿದವು. ಅವ್ವ ತೀರಿಹೋಗಿ ಇನ್ನೂ ಹದಿನೈದು ದಿನ. ಎಲೆ ಪುಡಿಯಾಗಿತ್ತು, ವಾಸನೆ ಮಾತ್ರ ಹಾಗೇ ಇತ್ತು. ಕಹಿ, ಘಾಟು, ಮೂಗಿಗಿಂತ ಮೊದಲು ಗಂಟಲಿಗೆ ತಾಗುವಂಥದ್ದು. ಉಪ್ಪಲ್‌ನ ಈ ನಾಲ್ಕನೇ ಮಹಡಿಯ ಕೋಣೆಯಲ್ಲಿ ಕೂತಿದ್ದವಳಿಗೆ ಇದೇ ಊರಿನ ಹಿಮಾಯತ್‌ನಗರದಲ್ಲಿ ನಾನು ಬೆಳೆದ ಬಾಡಿಗೆ ಮನೆಯ ಬಾಗಿಲು ತೆರೆದಂತಾಯಿತು. ಆ ಮನೆ ಈಗಿಲ್ಲ. ಅಲ್ಲಿ ಅಂಗಡಿಗಳ ಸಾಲು ಎದ್ದಿದೆ.

ನಳದ ಪಕ್ಕದಲ್ಲಿ ಲಕ್ಕಿ ಗಿಡವಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಬೀದರಿನಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟ ಟೊಂಗೆ ಅದು. ಆಯಿಯ ಮೊಣಕಾಲುಗಳು ಯಾವಾಗಲೂ ಊದಿರುತ್ತಿದ್ದವು. ದಿನಾ ಸಂಜೆ ಅವ್ವ ಹೊಲಿಗೆ ಮಷೀನು ನಿಲ್ಲಿಸಿ ಎದ್ದು, ಸೊಪ್ಪು ಕುದಿಸಿ, ಬಿಸಿ ಎಲೆಗಳನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಅವಳ ಕಾಲಿಗೆ ಶಾಖ ಕೊಡುತ್ತಿದ್ದಳು. ಶಹಾಬಾದ್ ಕಲ್ಲಿನ ನೆಲದ ಮೇಲೆ ಹಸಿರು ನೀರು ಹರಿದು ತಣ್ಣಗಾಗುತ್ತಿತ್ತು. ಇಂಥ ವಾಸನೆಯ ಸಂಜೆಗಳು ನಿಮ್ಮ ಮನೆಯಲ್ಲೂ ಇದ್ದಿರಬಹುದು.

ಶಾಖ ಕೊಟ್ಟ ಸೊಪ್ಪನ್ನು ಎಲ್ಲೆಂದರಲ್ಲಿ ಹಾಕುವಂತಿರಲಿಲ್ಲ. ನೋವು ಅದರೊಳಗೆ ಇಳಿದಿರುತ್ತದೆ ಎಂದು ಆಯಿ ನಂಬಿದ್ದಳು. ಅದನ್ನು ಒಯ್ದು ಚೆಲ್ಲುವ ಕೆಲಸ ನನ್ನದು.

"ಮೂರು ದಾರಿ ಕೂಡೂವಲ್ಲಿ ಚೆಲ್ಲಿ ಬಾ. ತಿರುಗಿ ನೋಡಬ್ಯಾಡ."

"ಯಾರರ ತುಳದ್ರ, ಆಯಿ?"

"ತುಳದವರಿಗೆ ನೋವು ಹತ್ತತೈತಿ. ಅವರ ಮನ್ಯಾಗೂ ಲಕ್ಕಿ ಗಿಡ ಇರತೈತಿ ತಗೋ, ನಡಿ!"

ಓಣಿಯ ಹುಡುಗಿಯರು ಮೂಗು ಮುಚ್ಚಿಕೊಂಡು "ಬುಡ್ಢೀ ಆಯೀ, ಬುಡ್ಢೀ ಆಯೀ", ಮುದುಕಿ ಬಂದಳು, ಎಂದು ಕುಣಿಯುತ್ತಿದ್ದರು. ನನ್ನ ಬಟ್ಟೆಗೆಲ್ಲ ಮುದುಕಿಯ ಕಾಲಿನ ವಾಸನೆಯಂತೆ. ಒಂದು ಸಂಜೆ ಅವರೆಲ್ಲ ಮೂಲೆಯಲ್ಲೇ ನಿಂತಿದ್ದರು. ನಾನು ಮೂರು ದಾರಿಯವರೆಗೆ ಹೋಗಲಿಲ್ಲ. ನಮ್ಮ ಗೇಟಿನ ಹೊರಗೇ ಸೊಪ್ಪು ಸುರಿದು ಒಳಗೆ ಓಡಿ ಬಂದೆ.

ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಅಂಗಳಕ್ಕೆ ನೀರು ಹೊಡೆಯಲು ಹೋದ ಅವ್ವ ಗೇಟಿನ ಬಳಿ ನಿಂತುಬಿಟ್ಟಿದ್ದಳು. ಹಾಲಿನವನ ಸೈಕಲ್ಲು ತಿರುವಿಗೆ ಬಂದಿತ್ತು. ಅವ್ವ ಬಗ್ಗಿ, ಬರಿಗೈಯಿಂದ, ಒಂದೊಂದೇ ಎಲೆಯನ್ನು ಬಳಿದು ಸೆರಗಿಗೆ ಹಾಕಿಕೊಂಡಳು.

"ಏ, ಮುಟ್ಟಬ್ಯಾಡ ಅದನ್ನ! ಯಾರು ಚೆಲ್ಯಾರ ಇಲ್ಲಿ?" ಆಯಿ ಕಟ್ಟೆಯ ಮೇಲಿಂದ ಕೂಗಿದಳು.

"ನಾಯಿ ಎಳಕೊಂಡು ಬಂದಾವ ಬಿಡ್ರಿ, ಅತ್ತಿ."

ಹಾಗೆ ಹೇಳಿ ಅವ್ವ ಒಮ್ಮೆ ನನ್ನ ಕಿಟಕಿಯತ್ತ ನೋಡಿದಳು. ಏನೂ ಕೇಳಲಿಲ್ಲ. ಅವತ್ತೂ, ಆಮೇಲೂ.

ಆಯಿ ತೀರಿಕೊಂಡ ಮೇಲೆ ಅವ್ವನ ಬೆರಳುಗಳು ಬಾಗತೊಡಗಿದವು. ಮೊದಲು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದಳು, ಆಮೇಲೆ ಗುಂಡಿ ಹಾಕಲು, ಕೊನೆಗೆ ಮಷೀನಿನ ಮೇಲೆ ಬಟ್ಟೆ ಹೊದಿಸಿದಳು. ಇದು ಸಂಧಿವಾತ, ಸೊಪ್ಪಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬೇಗಂಪೇಟೆಯ ಡಾಕ್ಟರು ಹೇಳಿದರು. ನನಗೂ ಗೊತ್ತು. ಆದರೂ ಆ ಕೈಗಳಿಗೆ ಬಿಸಿ ಗಂಟು ಒತ್ತುವಾಗಲೆಲ್ಲ ಗೇಟಿನ ಬಳಿ ಬಗ್ಗಿದ ಬೆನ್ನು ಕಾಣುತ್ತಿತ್ತು. ಹೋದ ವರ್ಷ ಒಂದು ಮಧ್ಯಾಹ್ನ ಧೈರ್ಯ ಮಾಡಿದೆ.

"ಅವ್ವಾ, ಆವತ್ತು ಗೇಟಿನ ಹತ್ರ ಆ ಸೊಪ್ಪು..."

"ಗಂಟು ಆರಾಕತ್ತೈತಿ, ಮೊದಲು ಶಾಖ ಕೊಡು," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ನಕ್ಕಳು. "ಆ ನಾಯಿ ಭಾಳ ಶಾಣ್ಯಾ ಇತ್ತು ಬಿಡು."

ನಾನೂ ನಕ್ಕೆ. ನಕ್ಕಿದ್ದರಿಂದ, ಹೇಳಬೇಕಾದ ಮಾತು ಮತ್ತೆ ಒಳಗೇ ಉಳಿಯಿತು.

ಮಡಿಲಲ್ಲಿದ್ದ ಎಲೆಗಳನ್ನು ನೋಡುತ್ತ ಕೂತೆ. ಇಷ್ಟು ವರ್ಷ ಅವ್ವನ ತಲೆಯ ಕೆಳಗಿದ್ದವು. ಆಯಿಯ ಲೆಕ್ಕದಲ್ಲಿ ಅವ್ವನ ನೋವು ಇವುಗಳೊಳಗೆ ಇಳಿದಿದೆ, ಇವು ಮೂರು ದಾರಿಗೆ ಹೋಗಬೇಕು. ಕೆಳಗೆ ಮೂರು ದಾರಿ ಇದೆ, ಮೆಟ್ರೋಗೆ ಹೋಗುವ ಜನ ತುಳಿದುಕೊಂಡು ಓಡಾಡುತ್ತಾರೆ. ನಾನು ಇಳಿಯಲಿಲ್ಲ. ನೆಲದ ಮೇಲೆ ಬಿದ್ದ ಪುಡಿಯನ್ನೂ ಬರಿಗೈಯಿಂದ ಬಳಿದು ದಿಂಬಿನೊಳಗೆ ತುಂಬಿದೆ. ಸೂಜಿಗೆ ದಾರ ಪೋಣಿಸಿ ಬಿಚ್ಚಿದ ಮೂಲೆಯನ್ನು ಹೊಲಿದೆ, ಆಮೇಲೆ ಅದರ ಮೇಲೆ ತಲೆಯಿಟ್ಟೆ.

"ನಾಯಿ ಅಲ್ಲವ್ವಾ," ಎಂದೆ, "ನಾನು."

ವಾಸನೆ ಬರುತ್ತಲೇ ಇತ್ತು.