ಜಡ್ಡಿನ ಮನೆಯ ಒಲೆ

ನಾನು ಸಮುದ್ರ ನೋಡಿದವಳಲ್ಲ. ತಿಕೋಟಾದಲ್ಲಿ ಮೂರನೇ ಇಯತ್ತೆಗೆ ಶಾಲೆ ಬಿಟ್ಟು, ಮದುವೆಯಾಗಿ ವಿಜಯಪುರಕ್ಕೆ ಬಂದವಳು. ಅಂಥವಳ ಮುಂದೆ ಕೂತು, ಶಾಲೆ ಶಾಲೆಗೆ ಹೋಗಿ ವಿಜ್ಞಾನ ಹೇಳುವ ಮೊಮ್ಮಗಳು ಸುಧಾ ಸಮುದ್ರದ ಪಾಠ ಒಪ್ಪಿಸತೊಡಗಿದಳು. ಮರುದಿನ ಬಬಲೇಶ್ವರದ ಶಾಲೆಯೊಂದರಲ್ಲಿ ಅದನ್ನು ಮಕ್ಕಳಿಗೆ ಹೇಳಬೇಕಿತ್ತು. ಹಿಂದೆ ತೊರವಿಯ ಶಾಲೆಯಲ್ಲಿ ಹೇಳಿದಾಗ ಮಕ್ಕಳು ಆಕಳಿಸಿದರಂತೆ. ಮನೆಗೆ ಬಂದು ಅತ್ತಿದ್ದಳು. ಈ ಸಲವೂ ಹಾಗಾದರೆ ಇನ್ನು ಪಾಠ ಹೇಳುವುದೇ ಬೇಡ ಎಂದು ಹಟ.

"ಆಯಿ, ನಿನಗ ತಿಳಿದ್ರ ಯಾರಿಗರ ತಿಳೀತೈತಿ," ಎಂದಳು. ಹೊಗಳಿಕೆಯಲ್ಲ ಅದು.

ಮೂರು ದಿನದಿಂದ ನನಗೆ ಜ್ವರ. ಆದರೂ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಓಣಿಯಲ್ಲಿ ಬಡಿಯುವ ಸಪ್ಪಳ ಕೇಳಿದರೆ ಮನೆಯವಳು ಆರಾಮ ಎಂದೇ ಅರ್ಥ. ಪಕ್ಕದ ಮನೆಯಾಕೆ ಒಳಗೆ ಬರದೆಯೇ, "ಜ್ವರಾ ಬಿಡ್ತೇನ್ರಿ? ಛಲೋ ಆತು," ಎಂದು ಹೋಗಿದ್ದಳು.

ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇವೆಯಂತೆ. ಗಿಡದ ಎಲೆಯ ಹಾಗೆ ಬಿಸಿಲು ಹಿಡಿದು ಅನ್ನ ಮಾಡಿಕೊಳ್ಳುತ್ತವೆಯಂತೆ. ಅವಕ್ಕೂ ವೈರಸ್ ಬಡಿಯುತ್ತದಂತೆ.

"ಜಡ್ಡು ಬಂದ್ರ ಮಲಗ್ತಾವು, ಅದರಾಗ ಏನೈತಿ?" ಎಂದೆ.

"ಮಲಗಾಕ ಬಿಡಂಗಿಲ್ಲ ಬೇ! ಬಿಸಿಲು ಹಿಡಿಯೋ ಸಾಮಾನು ಸವೀತೈತಲ್ಲ, ಅದನ್ನ ಹೊಸಾದು ಮಾಡೋ ವಿದ್ಯಾ ಕೆಲವು ವೈರಸ್ ತಾವ ತಂದಿರ್ತಾವು. ದ್ಯುತಿಸಂಶ್ಲೇಷಣೆ ಅರ್ಧ ನಡೀತೈತಿ, ಇಂಗಾಲದ ಸ್ಥಿರೀಕರಣ..."

ನಾನು ಆಕಳಿಸಿದೆ. ಅವಳ ಮುಖ ಸಣ್ಣದಾಯಿತು.

"ಅಳಬ್ಯಾಡ. ಬಿಸಿಲು ಹಿಡಿಯೋದು ನಡದೈತಿ ಅಂದ್ರ ಒಲಿ ಹೊತ್ತೇತಿ ಅಂದಂಗ. ರೊಟ್ಟಿ ಯಾರಿಗೆ?"

"ಅವಕ್ಕ ಇಲ್ಲ. ಆ ಶಕ್ತಿ ಎಲ್ಲಾ ವೈರಸ್ ತನ್ನ ಮರಿ ಮಾಡಾಕ ಬಳಸ್ತೈತಿ. ಕಡೀಕ ಬ್ಯಾಕ್ಟೀರಿಯಾ ಒಡದು ಮರಿ ಹೊರಗ ಬರ್ತಾವು."

"ಹಂಗಾರ ಹಂಗ ಹೇಳು. ಒಲಿ ಆರಂಗಿಲ್ಲ, ಮನಿಯವ್ರಿಗೆ ರೊಟ್ಟಿ ಇಲ್ಲ. ಸ್ಥಿರೀಕರಣ ಅಂತ, ಸ್ಥಿರೀಕರಣ!"

ಬರೆದುಕೊಂಡಳು. ಇಷ್ಟು ದೊಡ್ಡ ಸಮುದ್ರದಲ್ಲೂ ಜಡ್ಡಾದವರಿಗೆ ಮಲಗಲು ಜಾಗವಿಲ್ಲವಲ್ಲ ಎಂದು ನನಗೆ ಸಾಕೆನಿಸಿತು.

ಮರುದಿನ ಬಬಲೇಶ್ವರದಿಂದ ಕುಣಿಯುತ್ತ ಬಂದಳು. ಒಬ್ಬರೂ ಆಕಳಿಸಲಿಲ್ಲವಂತೆ. "ಬಿಸಿಲು ಹಿಡಿಯಾಕತ್ತಿದ್ರ, ಜಡ್ಡಾಗೇತಿ ಅಂತ ಹೆಂಗ ತಿಳೀಬೇಕ್ರಿ?" ಎಂದು ಹುಡುಗಿಯೊಬ್ಬಳು ಕೇಳಿದಳಂತೆ. "ಒಲಿ ನೋಡಬ್ಯಾಡ್ರಿ, ಉಂಡವ್ರು ಯಾರು ನೋಡ್ರಿ ಅಂದೆ ಆಯಿ! ಎಲ್ಲಾರೂ ಚಪ್ಪಾಳಿ ಹೊಡದ್ರು."

ಛಲೋ ಉತ್ತರ. ಹೇಳಿ ಮುಗಿಸಿ, ಕೈ ತೊಳೆದು, ತಾಟಿನ ಮುಂದೆ ಕೂತಳು. "ರೊಟ್ಟಿ ಆದವೇನ?"

ನನಗೆ ಜ್ವರ ಇನ್ನೂ ಬಿಟ್ಟಿರಲಿಲ್ಲ; ಹಿಟ್ಟಿನ ಪರಾತ ಅವಳ ಮುಂದೆ ಸರಿಸಿ, ಹೋಗಿ ಮಲಗಿದೆ. ಮೊದಲನೆಯ ರೊಟ್ಟಿ ಹರಿದಾಗ "ಯವ್ವಾ!" ಎಂದಳು. ನಾನು ಏಳಲಿಲ್ಲ.